ಹಿಮಾಲಯದ ಬೌದ್ಧ ಗುಡಿಗಳ ಕೆತ್ತನೆಯ ಬಾಗಿಲನ್ನು ನೋಡುವ ಕ್ರಮ

ಲಡಾಖಿನ ಆಲ್ಚಿಗೆ, ಹಿಮಾಚಲ ಪ್ರದೇಶದ ಸ್ಪಿತಿಯ ತಾಬೋಗೆ ಅಥವಾ ಕಾಠ್ಮಂಡು ಕಣಿವೆಯ ಪಾಟನ್ ನಗರಕ್ಕೆ ಹೋಗುವವರಲ್ಲಿ ಬಹುಪಾಲು ಜನ ಒಳಗಿನ ಭಿತ್ತಿಚಿತ್ರಗಳನ್ನೂ ವಿಗ್ರಹಗಳನ್ನೂ ನೋಡುವ ಆತುರದಲ್ಲಿ ಬಾಗಿಲನ್ನು ದಾಟಿಬಿಡುತ್ತಾರೆ. ಆದರೆ ಹಿಮಾಲಯದ ಹಳೆಯ ಬೌದ್ಧ ಗುಡಿಗಳಲ್ಲಿ ನಿಧಾನವಾಗಿ ನೋಡಬೇಕಾದ ಮೊದಲ ವಸ್ತು ಬಾಗಿಲವಾಡವೇ. ಒಳಗಿನ ವಿಗ್ರಹಗಳಿಗೆ ಶತಮಾನಗಳ ಉದ್ದಕ್ಕೂ ಹೊಸ ಬಣ್ಣ ಬಳಿಯಲಾಗಿದೆ, ಗೋಡೆಯ ಚಿತ್ರಗಳನ್ನು ಅಲ್ಲಲ್ಲಿ ತಿದ್ದಲಾಗಿದೆ, ಮಣ್ಣಿನ ಮಾಳಿಗೆಯನ್ನು ಮತ್ತೆ ಮತ್ತೆ ಮೆತ್ತಲಾಗಿದೆ. ಗೋಡೆಯೊಳಗೆ ಹುದುಗಿ ನಿಂತ ಮರದ ಚೌಕಟ್ಟನ್ನು ಬದಲಿಸುವುದು ಅಷ್ಟು ಸುಲಭವಲ್ಲವಾದ್ದರಿಂದ, ಗುಡಿ ಕಟ್ಟಿದ ಕಾಲದ ಉಳಿಯ ಗುರುತುಗಳು ಅನೇಕ ಕಡೆ ಅದರಲ್ಲಿ ಉಳಿದುಕೊಂಡಿವೆ. ಇನ್ನೂ ಒಂದು ಕಾರಣವಿದೆ. ಈ ಕಲೆಗೆ ತವರಾಗಿದ್ದ ಕಾಶ್ಮೀರದಲ್ಲಿ ಆ ಕಾಲದ ಮರದ ವಿಹಾರಗಳು ಒಂದೂ ಉಳಿದಿಲ್ಲ. ಅಲ್ಲಿನ ಬಡಗಿಗಳ ಕೈಚಳಕವನ್ನು ಇಂದು ನೋಡಬೇಕೆಂದರೆ ಪರ್ವತದಾಚೆಯ ಒಣ ಕಣಿವೆಗಳ ಗುಡಿಗಳಿಗೇ ಹೋಗಬೇಕು.

ಒಂದು ಬಾಗಿಲಿನ ಮುಂದೆ ಒಂದೆರಡು ಗಂಟೆ ನಿಲ್ಲಲು ಮನಸ್ಸಿರುವವರಿಗಾಗಿ, ಏನನ್ನು ಯಾವ ಕ್ರಮದಲ್ಲಿ ನೋಡಬೇಕು, ಏನನ್ನು ಬರೆದಿಟ್ಟುಕೊಳ್ಳಬೇಕು, ಏನನ್ನು ಮಾಡಬಾರದು ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳಿದೆ.

ಮೊದಲ ಹೆಜ್ಜೆ: ಹೊರಡುವ ಮುನ್ನ ಮನೆಯ ಹತ್ತಿರದ ಬಾಗಿಲುಗಳಲ್ಲಿ ಕಣ್ಣು ಪಳಗಿಸಿಕೊಳ್ಳಿ

ಕರ್ನಾಟಕದವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಐಹೊಳೆ, ಪಟ್ಟದಕಲ್ಲು, ಲಕ್ಕುಂಡಿಗಳ ದೇವಾಲಯಗಳಲ್ಲಿ ಗರ್ಭಗುಡಿಯ ಬಾಗಿಲವಾಡವನ್ನು ಗಮನವಿಟ್ಟು ನೋಡಿದವರು ಹಿಮಾಲಯದ ಹಳೆಯ ಮರದ ಬಾಗಿಲಿನ ಅರ್ಧ ವ್ಯಾಕರಣವನ್ನು ಆಗಲೇ ಕಲಿತಿರುತ್ತಾರೆ. ಬಾಗಿಲಿನ ತೆರಪನ್ನು ಸುತ್ತುವರಿದು ಒಂದರ ಹೊರಗೆ ಒಂದರಂತೆ ಏರುವ ಪಟ್ಟಿಗಳು, ಅಂದರೆ ಶಾಖೆಗಳು. ಅವುಗಳಲ್ಲಿ ಬಳ್ಳಿಯ ಪತ್ರಶಾಖೆ, ಕಂಬದ ರೂಪದ ಸ್ತಂಭಶಾಖೆ, ಹರಳುಗಳನ್ನು ಪೋಣಿಸಿದಂತಿರುವ ರತ್ನಶಾಖೆ. ಮೇಲಿನ ಅಡ್ಡಪಟ್ಟಿಯ ನಡುವೆ ಲಲಾಟಬಿಂಬ, ಅಂದರೆ ಪುಟ್ಟ ದೇವತಾಮೂರ್ತಿ. ಕೆಳಗೆ ಎರಡೂ ತೋಳುಗಳ, ಅಂದರೆ ಚೌಕಟ್ಟಿನ ಎಡಬಲದ ನಿಲುವುಮರಗಳ, ಬುಡದಲ್ಲಿ ನಿಂತ ಮೂರ್ತಿಗಳು. ಗುಪ್ತರ ಕಾಲದಲ್ಲಿ ಹದಗೊಂಡ ಈ ವಿನ್ಯಾಸ ಅಜಂತಾದ 5ನೇ ಶತಮಾನದ ಬೌದ್ಧ ವಿಹಾರಗಳಲ್ಲೂ ದೇವಗಢದ ದಶಾವತಾರ ಗುಡಿಯಲ್ಲೂ ಕಾಣಿಸಿಕೊಂಡು, ದಕ್ಷಿಣಕ್ಕೆ ಹರಿದಂತೆಯೇ ಕಾಶ್ಮೀರ ಮತ್ತು ನೇಪಾಳದ ದಾರಿಯಾಗಿ ಉತ್ತರಕ್ಕೂ ಹರಿಯಿತು. ನಮ್ಮಲ್ಲಿ ಅದು ಕಲ್ಲಿನಲ್ಲಿ ನಿಂತಿದ್ದರೆ ಅಲ್ಲಿ ಮರದಲ್ಲಿ ನಿಂತಿದೆ.

ಆದ್ದರಿಂದ ಹೊರಡುವ ಮುಂಚೆ ಹತ್ತಿರದ ಯಾವುದಾದರೂ ಚಾಲುಕ್ಯ ಅಥವಾ ಹೊಯ್ಸಳ ದೇಗುಲದಲ್ಲಿ ಒಂದು ಬಾಗಿಲವಾಡದ ಶಾಖೆಗಳನ್ನು ಒಳಗಿನಿಂದ ಹೊರಕ್ಕೆ ಎಣಿಸಿ, ಪ್ರತಿಯೊಂದರಲ್ಲೂ ಏನಿದೆ ಎಂದು ಬರೆಯಿರಿ. ಸಾಧ್ಯವಾದರೆ ಬೈಲಕುಪ್ಪೆಗೂ ಹೋಗಿಬನ್ನಿ. 1961ರಲ್ಲಿ ಆರಂಭವಾದ ಆ ಟಿಬೆಟನ್ ನೆಲೆಯ ನಮ್‌ದ್ರೋಲಿಂಗ್ ಮಠದಲ್ಲಿ, ಹಾಗೆಯೇ ಉತ್ತರ ಕನ್ನಡದ ಮುಂಡಗೋಡಿನ ಮಠಗಳಲ್ಲಿ, ಈಚಿನ ಕಾಲದ ಟಿಬೆಟನ್ ಬಾಗಿಲು ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬಹುದು: ದಟ್ಟ ಕೆಂಪು ಬಣ್ಣದ ಎತ್ತರದ ಕದಗಳು, ಅವುಗಳ ಮೇಲೆ ಉಬ್ಬಿದ ಲೋಹದ ಗುಬ್ಬಿಗಳು, ಸಿಂಹಮುಖದ ಬಾಯಲ್ಲಿ ಕಚ್ಚಿದ ಬಳೆ, ಬಳೆಗೆ ಕಟ್ಟಿದ ಬಣ್ಣದ ಕುಚ್ಚು. ಆ ಕಟ್ಟಡಗಳು ಹೊಸವು, ಕಾಂಕ್ರೀಟಿನವು. ಆದರೂ ಬಾಗಿಲಿನ ಅಲಂಕಾರದ ಕ್ರಮ ಹಳೆಯದೇ ಆದ್ದರಿಂದ ಕಲಿಯುವವರಿಗೆ ಅವು ಒಳ್ಳೆಯ ಪಾಠ.

ಎರಡನೆಯ ಹೆಜ್ಜೆ: ಬಾಗಿಲು ಯಾವ ಪರಂಪರೆಯದು ಎಂದು ಗುರುತಿಸಿ

ಹಿಮಾಲಯದ ಬೌದ್ಧ ಬಾಗಿಲುಗಳೆಲ್ಲ ಒಂದೇ ಬಗೆಯವಲ್ಲ. ಸ್ಥೂಲವಾಗಿ ಮೂರು ಪರಂಪರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಅವುಗಳ ನಡುವಿನ ಬೆರಕೆಗಳು ಆಮೇಲೆ ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

ಮೊದಲನೆಯದು ಪಶ್ಚಿಮ ಹಿಮಾಲಯದ ಹಳೆಯ ಪರಂಪರೆ. ಹತ್ತನೆಯ ಶತಮಾನದ ಕೊನೆಯಲ್ಲಿ ಪಶ್ಚಿಮ ಟಿಬೆಟಿನ ಗುಗೆ ರಾಜ್ಯದ ದೊರೆ ಯೆಶೆ ಓ ಬೌದ್ಧಧರ್ಮದ ಪುನರುಜ್ಜೀವನಕ್ಕೆ ಮುಂದಾದಾಗ, ಅವನ ಆಶ್ರಯದಲ್ಲಿದ್ದ ಅನುವಾದಕ ರಿಂಚೆನ್ ಝಾಂಗ್ಪೊ (958–1055) ಕಾಶ್ಮೀರಕ್ಕೆ ಹೋಗಿ ಕಲಿತು ಬಂದ. ಮರಳುವಾಗ ಕಾಶ್ಮೀರದಿಂದ 32 ಮಂದಿ ಕಲಾವಿದರನ್ನು ಕರೆತಂದನೆಂದು ಅವನ ಜೀವನಚರಿತ್ರೆ ಹೇಳುತ್ತದೆ. ಸ್ಪಿತಿಯ ತಾಬೋ ವಿಹಾರ 996ರಲ್ಲಿ ಸ್ಥಾಪನೆಯಾಗಿ 1042ರಲ್ಲಿ ಜೀರ್ಣೋದ್ಧಾರಗೊಂಡಿತು. ಅಲ್ಲಿನ ದ್ರೋಮ್‌ತೋನ್ ಗುಡಿಯ ಬಾಗಿಲವಾಡ, ಕಿನ್ನೌರಿನ ನಾಕೋ ಗುಡಿಗಳ ಬಾಗಿಲುಗಳು, ಪಶ್ಚಿಮ ಟಿಬೆಟಿನ ಪುರಾಂಗ್ ಪ್ರದೇಶದಲ್ಲಿರುವ ಖೋಜರನಾಥದ ಬುದ್ಧಚರಿತದ ಬಾಗಿಲು, ಲಡಾಖಿನ ಆಲ್ಚಿಯ ದುಖಾಂಗ್ (ಸಭಾಗೃಹ) ಮತ್ತು ಸುಮ್ತ್ಸೆಕ್ (ಮೂರಂತಸ್ತಿನ ಗುಡಿ) ಗುಡಿಗಳ ಮರಗೆಲಸ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಆಲ್ಚಿಯನ್ನೂ ರಿಂಚೆನ್ ಝಾಂಗ್ಪೊನೇ ಕಟ್ಟಿಸಿದನೆಂದು ಊರವರು ನಂಬುತ್ತಾರೆ. ಅಲ್ಲಿನ ಶಾಸನಗಳಲ್ಲಿ ಕಾಣುವ ಹೆಸರುಗಳು ಮಾತ್ರ ಬೇರೆ. ದುಖಾಂಗನ್ನು ಕಟ್ಟಿಸಿದವನು ಕಲ್ದೆನ್ ಶೆರಬ್. ಕಾಲ ರಿಂಚೆನ್ ಝಾಂಗ್ಪೊನಿಗಿಂತ ಈಚಿನದು. ಈ ಪರಂಪರೆಗೂ ಹಿಂದಿನ ಮಾದರಿಯನ್ನು ನೋಡಬಯಸುವವರು ಚಂಬಾ ಸೀಮೆಯ ಭರ್ಮೌರಿನಲ್ಲಿರುವ ಲಕ್ಷಣಾದೇವಿ ಗುಡಿಯ ಮುಂಭಾಗವನ್ನು ನೋಡಬೇಕು. ಅದು ಹಿಂದೂ ದೇಗುಲ, ದೊರೆ ಮೇರುವರ್ಮನ ಕಾಲದ್ದು, ಸುಮಾರು 7ನೇ ಶತಮಾನದ ಕೊನೆಯದು. ಒಳಗಿನ ಲೋಹದ ವಿಗ್ರಹದ ಪೀಠದಲ್ಲಿ ಗುಗ್ಗ ಎಂಬ ಶಿಲ್ಪಿಯ ಹೆಸರೂ ಉಳಿದಿದೆ. ಅಲ್ಲಿನ ತ್ರಿಕೋನ ಮುಖಮಂಟಪವನ್ನೂ ಮೂರು ದಳಗಳ ಕಮಾನನ್ನೂ ನೋಡಿದ ಮೇಲೆ ಆಲ್ಚಿಯ ಸುಮ್ತ್ಸೆಕ್ ಮುಂದೆ ನಿಂತರೆ ಅದು ಅಪರಿಚಿತವೆನಿಸುವುದಿಲ್ಲ.

ಎರಡನೆಯದು ಕಾಠ್ಮಂಡು ಕಣಿವೆಯ ಮೂಲನಿವಾಸಿಗಳಾದ ನೇವಾರರ ಪರಂಪರೆ. ಇಲ್ಲಿ ಬೌದ್ಧ ವಿಹಾರಗಳು ನಡುವೆ ಅಂಗಳವಿರುವ ಇಟ್ಟಿಗೆಯ ಕಟ್ಟಡಗಳು. ಅವನ್ನು ಬಹಾ, ಬಹೀ ಎಂದು ಕರೆಯುತ್ತಾರೆ. ಬಾಗಿಲಿನ ಮೇಲೆ ಮುಂದಕ್ಕೆ ಬಾಗಿದಂತೆ ನಿಲ್ಲಿಸಿದ ಅರ್ಧವೃತ್ತದ ತೋರಣವೇ ಇದರ ಮುಖ್ಯ ಲಕ್ಷಣ. ಕೆತ್ತನೆಯ ಕೆಲಸವನ್ನು ಪರಂಪರೆಯಿಂದ ಮಾಡುತ್ತ ಬಂದವರು ಶಿಲ್ಪಕಾರರೆಂಬ ಸಮುದಾಯದವರು. ಪಾಟನ್ನಿನ ದಕ್ಷಿಣದ ಬುಂಗಮತಿ ಎಂಬ ಹಳ್ಳಿಯಲ್ಲಿ ಇಂದಿಗೂ ಉಳಿಯ ಸದ್ದು ಕೇಳಿಸುತ್ತದೆ. ಈ ಶಿಲ್ಪಿಗಳ ಕೈ ಕಣಿವೆಯನ್ನು ದಾಟಿ ಬಹಳ ದೂರ ಹೋಗಿತ್ತು: ಲ್ಹಾಸಾದ ಜೋಖಾಂಗ್ ಗುಡಿಯ ಒಳಗಿನ ಅತಿ ಹಳೆಯ ಮರದ ಬಾಗಿಲವಾಡಗಳಲ್ಲಿ ನೇವಾರ ಶೈಲಿ ಸ್ಪಷ್ಟವಾಗಿ ಕಾಣುತ್ತದೆ.

ಮೂರನೆಯದು ಹದಿನೈದನೆಯ ಶತಮಾನದಿಂದೀಚೆಗೆ ಟಿಬೆಟ್, ಲಡಾಖ್, ಸಿಕ್ಕಿಂ, ಭೂತಾನಗಳ ಮಠಗಳಲ್ಲೆಲ್ಲ ಹರಡಿಕೊಂಡ ಟಿಬೆಟನ್ ಪರಂಪರೆ. ಇಲ್ಲಿ ಮೂರ್ತಿಗಳು ಕಡಿಮೆ, ಆವರ್ತನ ಹೆಚ್ಚು. ಬಾಗಿಲನ್ನು ಸುತ್ತುವರಿಯುವ ಎರಡು ಪಟ್ಟಿಗಳನ್ನು ಎಲ್ಲೆಡೆ ಕಾಣುತ್ತೀರಿ: ಒಂದು ಕಮಲದ ಎಸಳುಗಳ ಸಾಲು, ಇನ್ನೊಂದು ಮೆಟ್ಟಿಲುಮೆಟ್ಟಿಲಾಗಿ ಒಟ್ಟಿದ ಪುಟ್ಟ ಘನಾಕೃತಿಗಳ ಸಾಲು. ಎರಡನೆಯದನ್ನು ಧರ್ಮಗ್ರಂಥಗಳ ಒಟ್ಟಿಲು ಎಂದು ತಿಳಿಯುತ್ತಾರೆ. ಎರಡಕ್ಕೂ ಸೇರಿ ಪೆಮ ಛುತ್ಸೆಕ್ ಎಂದು ಹೆಸರು. ಅದರ ಮೇಲೆ ಗಿಡ್ಡ ತೊಲೆತುದಿಗಳು ಎರಡು ಮೂರು ಸಾಲುಗಳಲ್ಲಿ ಮುಂದಕ್ಕೆ ಚಾಚಿರುತ್ತವೆ.

ಮೂರನೆಯ ಹೆಜ್ಜೆ: ಕಾಲ, ಬೆಳಕು ಮತ್ತು ಅನುಮತಿ

ಆಲ್ಚಿ ಲೇಹ್ ನಗರದಿಂದ ಪಶ್ಚಿಮಕ್ಕೆ, ಶ್ರೀನಗರದ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಸಿಂಧೂ ನದಿಯ ದಕ್ಷಿಣ ದಂಡೆಯಲ್ಲಿದೆ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿರುವುದರಿಂದ ಬೆಂಗಳೂರಿನಿಂದ ವಿಮಾನದಲ್ಲಿ ಇಳಿದವರು ಮೊದಲ ಎರಡು ದಿನ ವಿಶ್ರಾಂತಿ ಪಡೆಯಲೇಬೇಕು. ತಲೆನೋವಿನಲ್ಲಿ ಯಾವ ಕೆತ್ತನೆಯೂ ಕಾಣುವುದಿಲ್ಲ. ತಾಬೋಗೆ ಶಿಮ್ಲಾದಿಂದ ಕಿನ್ನೌರಿನ ಮೂಲಕ ಹೋಗುವ ದಾರಿ ಮನಾಲಿಯ ದಾರಿಗಿಂತ ಉದ್ದವಾದರೂ ನಿಧಾನವಾಗಿ ಎತ್ತರಕ್ಕೆ ಏರಿಸುತ್ತದೆ, ದಾರಿಯಲ್ಲಿ ನಾಕೋ ಕೂಡ ಸಿಗುತ್ತದೆ. ಮನಾಲಿಯಿಂದ ಕುಂಜುಮ್ ಕಣಿವೆಯ ದಾರಿ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುತ್ತದೆ.

ಕೆತ್ತನೆಯನ್ನು ನೋಡುವುದೆಂದರೆ ನೆರಳನ್ನು ನೋಡುವುದು. ನಡುಹಗಲಿನ ಎದುರುಬೆಳಕಿನಲ್ಲಿ ಉಬ್ಬುತಗ್ಗುಗಳು ಚಪ್ಪಟೆಯಾಗಿ ಕಾಣುತ್ತವೆ; ಬಿಸಿಲು ಪಕ್ಕದಿಂದ ಓರೆಯಾಗಿ ಬೀಳುವ ಹೊತ್ತಿನಲ್ಲಿ ಪ್ರತಿಯೊಂದು ಎಲೆಯ ಅಂಚೂ ಎದ್ದು ನಿಲ್ಲುತ್ತದೆ. ಆದ್ದರಿಂದ ಬಾಗಿಲು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಮುಂಚೆಯೇ ತಿಳಿದುಕೊಂಡು ಹೊತ್ತನ್ನು ಆರಿಸಿಕೊಳ್ಳಿ, ಸಾಧ್ಯವಿದ್ದರೆ ಒಂದೇ ಬಾಗಿಲನ್ನು ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ನೋಡಿ. ಹಜಾರದ ಒಳಗಿನ ಬಾಗಿಲಾಗಿದ್ದರೆ ಒಂದು ಸಣ್ಣ ಟಾರ್ಚನ್ನು, ಅಲ್ಲಿನವರ ಒಪ್ಪಿಗೆ ಪಡೆದು, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕ್ಯಾಮೆರಾದ ಫ್ಲ್ಯಾಶ್ ಎಂದಿಗೂ ಬೇಡ.

ಆಲ್ಚಿ, ತಾಬೋಗಳು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದ್ದರೂ ಅವು ಪೂಜೆ ನಡೆಯುವ ಗುಡಿಗಳು. ಆಲ್ಚಿಯನ್ನು ಲಿಕಿರ್ ಮಠದ ಭಿಕ್ಷುಗಳು ನೋಡಿಕೊಳ್ಳುತ್ತಾರೆ. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ಕೀಲಿ ಹಿಡಿದ ಭಿಕ್ಷುವನ್ನು ಕಂಡು, ಬಾಗಿಲನ್ನೇ ನೋಡಲು ಬಂದಿದ್ದೇನೆ, ಸ್ವಲ್ಪ ಹೊತ್ತು ಕುಳಿತು ಚಿತ್ರ ಬರೆದುಕೊಳ್ಳಲೇ ಎಂದು ಕೇಳಿದರೆ ಸಾಮಾನ್ಯವಾಗಿ ಸಂತೋಷದಿಂದಲೇ ಒಪ್ಪುತ್ತಾರೆ. ಪಾದರಕ್ಷೆ ಬಿಟ್ಟು, ಗುಡಿಯನ್ನು ಪ್ರದಕ್ಷಿಣವಾಗಿ ಬಂದು, ಹೊಸ್ತಿಲನ್ನು ತುಳಿಯದೆ ದಾಟಿ ಹೋಗಬೇಕೆಂಬುದು ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾದ ಮಾತಲ್ಲ.

ನಾಲ್ಕನೆಯ ಹೆಜ್ಜೆ: ದೂರ ನಿಂತು ಇಡಿಯಾಗಿ ನೋಡಿ

ಹತ್ತಿರ ಹೋಗುವ ಮುಂಚೆ ಹತ್ತು ಹದಿನೈದು ಅಡಿ ಹಿಂದೆ ನಿಂತು ಬಾಗಿಲಿನ ಆಕಾರವನ್ನಷ್ಟೇ ಗಮನಿಸಿ. ಹಳೆಯ ಬಾಗಿಲುಗಳಲ್ಲಿ ಕೆತ್ತಿದ ಚೌಕಟ್ಟು ಬಹಳ ಅಗಲ, ಜನ ಹಾದುಹೋಗುವ ತೆರಪು ಬಹಳ ಚಿಕ್ಕದು. ತಲೆ ಬಗ್ಗಿಸದೆ ಒಳಹೋಗುವುದು ಕಷ್ಟ. ಹೊರಗಿನ ಶಾಖೆಗಳು ಮುಂದಕ್ಕಿದ್ದು, ಒಳಗಿನವು ಮೆಟ್ಟಿಲಿಳಿದಂತೆ ಹಿಂದೆ ಸರಿಯುತ್ತ ಹೋಗುವುದರಿಂದ ದಪ್ಪ ಗೋಡೆಯೊಳಗೆ ಕಣ್ಣು ತಾನಾಗಿಯೇ ಸೆಳೆಯಲ್ಪಡುತ್ತದೆ. ಮೇಲಿನ ಅಡ್ಡತೊಲೆ ತೋಳುಗಳಿಗಿಂತ ಎಷ್ಟು ಆಚೆಗೆ ಚಾಚಿದೆ ಎಂಬುದನ್ನು ನೋಡಿ. ನೇವಾರ ಬಾಗಿಲುಗಳಲ್ಲಿ ಅಡ್ಡತೊಲೆಯೂ ಹೊಸ್ತಿಲೂ ಎರಡೂ ಬದಿಗೆ ರೆಕ್ಕೆಯಂತೆ ಬಹುದೂರ ಹೋಗಿ ಇಟ್ಟಿಗೆಗೋಡೆಯನ್ನು ಹಿಡಿದುಕೊಂಡಿರುತ್ತವೆ. ಅದು ಅಲಂಕಾರವೂ ಹೌದು, ಭೂಕಂಪದ ನಾಡಿನಲ್ಲಿ ಗೋಡೆಗೂ ಬಾಗಿಲಿಗೂ ಹಾಕಿದ ಬಿಗಿಯೂ ಹೌದು.

ಐದನೆಯ ಹೆಜ್ಜೆ: ಶಾಖೆಗಳನ್ನು ಒಳಗಿನಿಂದ ಹೊರಕ್ಕೆ ಎಣಿಸಿ

ಈಗ ಹತ್ತಿರ ಬನ್ನಿ. ತೆರಪಿಗೆ ತಾಗಿದ ಮೊದಲ ಪಟ್ಟಿಯಿಂದ ಆರಂಭಿಸಿ ಒಂದೊಂದನ್ನೇ ಗುರುತಿಸಿ ಹೊರಗಿನ ಗೋಡೆಯವರೆಗೆ ಹೋಗಿ. ಈ ಕ್ರಮವನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಕಣ್ಣು ಮೊದಲು ಮೂರ್ತಿಗಳಿರುವ ಪಟ್ಟಿಗೆ ಹಾರುತ್ತದೆ, ನಡುವಿನ ಸಣ್ಣ ಪಟ್ಟಿಗಳನ್ನು ಬಿಟ್ಟುಬಿಡುತ್ತದೆ. ಆದರೆ ಬಡಗಿಯ ನಿಜವಾದ ಶಿಸ್ತು ಕಾಣಿಸುವುದು ಆ ಸಣ್ಣ ಪಟ್ಟಿಗಳಲ್ಲೇ. ಬಳ್ಳಿಯ ಪಟ್ಟಿಯಿದ್ದರೆ ಅದು ಎಲ್ಲಿಂದ ಹುಟ್ಟುತ್ತದೆ ಎಂದು ಹುಡುಕಿ. ಬುಡದ ಪೂರ್ಣಕುಂಭದಿಂದಲೋ, ಒಂದು ಪ್ರಾಣಿಯ ಬಾಯಿಂದಲೋ ಹೊರಟು, ಅಲೆಯಲೆಯಾಗಿ ಮೇಲೇರಿ, ಅಡ್ಡಪಟ್ಟಿಯ ಮೂಲೆಯಲ್ಲಿ ತಿರುಗುತ್ತದೆ. ಆ ಮೂಲೆಯನ್ನು ವಿಶೇಷವಾಗಿ ನೋಡಿ. ನಿಂತ ಮರದಿಂದ ಅಡ್ಡ ಮರಕ್ಕೆ ಬಳ್ಳಿಯನ್ನು ದಾಟಿಸುವುದು ಸುಲಭದ ಕೆಲಸವಲ್ಲ, ಏಕೆಂದರೆ ಮರದ ಎಳೆಗಳ ದಿಕ್ಕು ಅಲ್ಲಿ ಥಟ್ಟನೆ ಬದಲಾಗುತ್ತದೆ. ನುರಿತ ಕೈ ಅಲ್ಲಿ ಒಂದು ಹೂವನ್ನೋ ಒಂದು ಚೌಕವನ್ನೋ ಇಟ್ಟು ಜೋಡಣೆಯನ್ನು ಮರೆಸುತ್ತದೆ. ಅವಸರದ ಕೈ ಬಳ್ಳಿಯನ್ನು ಅಲ್ಲೇ ತುಂಡರಿಸುತ್ತದೆ.

ಬಳ್ಳಿಯ ಸುರುಳಿಗಳೊಳಗೆ ಪುಟ್ಟ ಗಂಧರ್ವರು, ಗಣಗಳು, ಹಂಸಗಳು ಅಡಗಿರುವುದುಂಟು. ಸ್ತಂಭಶಾಖೆಯಲ್ಲಿ ಕಂಬದ ಬುಡ, ನಡು, ತಲೆಯ ಬೋದಿಗೆ ಮೂರನ್ನೂ ಬೇರೆಬೇರೆಯಾಗಿ ಗಮನಿಸಿ. ಆಲ್ಚಿಯ ಸುಮ್ತ್ಸೆಕ್ ಮೊಗಸಾಲೆಯ ಕಂಬಗಳ ಮೈಯಲ್ಲಿ ಉದ್ದುದ್ದದ ಗೀರುಗಾಲುವೆಗಳಿವೆ, ತುದಿಯಲ್ಲಿ ಸುರುಳಿಯ ಬೋದಿಗೆಗಳಿವೆ. ಕಾಶ್ಮೀರದ ಮಾರ್ತಾಂಡ, ಪಾಂದ್ರೇಥಾನ್‌ಗಳ ಕಲ್ಲಿನ ಗುಡಿಗಳನ್ನು ಬಲ್ಲವರಿಗೆ ಈ ಕಂಬಗಳ ಹಾಗೂ ಮೇಲಿನ ತ್ರಿಕೋನ, ತ್ರಿದಳ ಕಮಾನುಗಳ ಮೂಲ ಎಲ್ಲಿಯದೆಂದು ಬೇರೆ ಹೇಳಬೇಕಾಗಿಲ್ಲ. ಕಾಶ್ಮೀರದ ಕಲ್ಲಿನಲ್ಲಿ ಇವು ಅರ್ಧ ಮುರಿದು ನಿಂತಿವೆ. ಆಲ್ಚಿಯ ಮರದಲ್ಲಿ ಇವು ಇಡಿಯಾಗಿವೆ.

ಆರನೆಯ ಹೆಜ್ಜೆ: ತಲೆಯೆತ್ತಿ ನೋಡಿ

ಶಿಲ್ಪಿಗೆ ಹೇಳಬೇಕಾದ ಮುಖ್ಯ ಮಾತು ಬಾಗಿಲಿನ ಮೇಲ್ಭಾಗದಲ್ಲಿರುತ್ತದೆ. ಪಶ್ಚಿಮ ಹಿಮಾಲಯದಲ್ಲಿ ಅಡ್ಡಪಟ್ಟಿಯ ಮೇಲೆ ಬುದ್ಧರ ಅಥವಾ ಬೋಧಿಸತ್ತ್ವರ ಸಾಲು ಇದ್ದರೆ ನಡುವಿನ ಮೂರ್ತಿಯ ಕೈಮುದ್ರೆಯನ್ನು ಮೊದಲು ನೋಡಿ. ಐವರು ಬುದ್ಧರಾಗಿದ್ದರೆ ಗುರುತಿಸುವುದು ಕಷ್ಟವಲ್ಲ: ಭೂಮಿಯನ್ನು ಮುಟ್ಟುವ ಕೈ ಅಕ್ಷೋಭ್ಯನದು, ವರದಮುದ್ರೆ ರತ್ನಸಂಭವನದು, ತೊಡೆಯ ಮೇಲೆ ಕೈಮೇಲೆ ಕೈಯಿಟ್ಟ ಧ್ಯಾನಮುದ್ರೆ ಅಮಿತಾಭನದು, ಅಭಯಮುದ್ರೆ ಅಮೋಘಸಿದ್ಧಿಯದು, ಎದೆಯ ಮುಂದೆ ಎರಡೂ ಕೈ ಹಿಡಿದವನು ವೈರೋಚನ. ಒಳಗಿನ ಮುಖ್ಯ ದೇವತೆಯೂ ವೈರೋಚನನೇ ಆಗಿರುವ ಗುಡಿಗಳು ಆ ಕಾಲದಲ್ಲಿ ಹಲವು. ತಾಬೋದ ಮುಖ್ಯ ಗುಡಿಯೂ ಆಲ್ಚಿಯ ದುಖಾಂಗೂ ಅಂಥವು. ಆದ್ದರಿಂದ ಹೊರಗೆ ಕಂಡದ್ದನ್ನು ನೆನಪಿಟ್ಟುಕೊಂಡು ಒಳಗೆ ಹೋಗಿ ಹೊಂದಿಸಿ ನೋಡಿ.

ನೇವಾರ ತೋರಣದಲ್ಲಿ ಓದುವ ಕ್ರಮ ಮೇಲಿನಿಂದ ಕೆಳಕ್ಕೆ. ತುತ್ತತುದಿಯಲ್ಲಿ ಛೇಪು ಎಂದು ಅವರು ಕರೆಯುವ ಉಗ್ರಮುಖ. ನಮ್ಮ ಕೀರ್ತಿಮುಖದ ಬಂಧು. ಎರಡೂ ಬದಿಯಲ್ಲಿ ನಾಗಗಳು, ಕೆಳಗಿನ ಎರಡು ತುದಿಗಳಲ್ಲಿ ಮಕರಗಳು. ಈ ಚೌಕಟ್ಟಿನ ನಡುವೆ ಬಹುಭುಜಗಳ ದೇವತೆ, ಸುತ್ತ ಪರಿವಾರ. ಕಾಠ್ಮಂಡು ಕಣಿವೆಯ ಕೆಲವು ಬಾಗಿಲುಗಳ ಮೇಲೆ ತೋರಣದ ಜಾಗ ಬರಿದಾಗಿರುವುದನ್ನು ಕಂಡರೆ ಬೇಸರದಿಂದಲೇ ಅದನ್ನೂ ಬರೆದುಕೊಳ್ಳಿ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಕಣಿವೆಯ ಕೆತ್ತನೆ, ವಿಗ್ರಹಗಳು ಅಪಾರ ಸಂಖ್ಯೆಯಲ್ಲಿ ಕಳುವಾಗಿ ಹೊರದೇಶಗಳಿಗೆ ಸಾಗಿದವು.

ಈಚಿನ ಟಿಬೆಟನ್ ಬಾಗಿಲಿನಲ್ಲಿ ಮೇಲ್ಗಡೆ ಸಿಂಹಗಳ ಸಾಲು ಅಥವಾ ಅಷ್ಟಮಂಗಳಗಳು ಸಿಗುತ್ತವೆ: ಛತ್ರ, ಜೋಡಿ ಮೀನು, ಕುಂಭ, ಕಮಲ, ಬಲಮುರಿ ಶಂಖ, ಕೊನೆಯಿಲ್ಲದ ಗಂಟು, ವಿಜಯಧ್ವಜ, ಧರ್ಮಚಕ್ರ.

ಏಳನೆಯ ಹೆಜ್ಜೆ: ಬುಡವನ್ನು ನೋಡಿ

ಭಾರತೀಯ ಬಾಗಿಲುಗಳಲ್ಲಿ ಗಂಗೆ ಯಮುನೆಯರು ನಿಲ್ಲುವ ಜಾಗದಲ್ಲಿ ಇಲ್ಲಿ ಯಾರು ನಿಂತಿದ್ದಾರೆ ಎಂದು ಕೇಳಿಕೊಳ್ಳಿ. ನೇವಾರ ವಿಹಾರಗಳ ಗರ್ಭಗುಡಿಯ ಬಾಗಿಲಿನ ಇಕ್ಕೆಲಗಳಲ್ಲಿ ಬುದ್ಧನ ಪ್ರಮುಖ ಶಿಷ್ಯರಾದ ಶಾರಿಪುತ್ರ ಮತ್ತು ಮೌದ್ಗಲ್ಯಾಯನರ ಮೂರ್ತಿಗಳಿರುವುದು ಪದ್ಧತಿ. ಟಿಬೆಟನ್ ಗುಡಿಗಳಲ್ಲಿ ಕಾವಲಿನ ಕೆಲಸವನ್ನು ಧೃತರಾಷ್ಟ್ರ, ವಿರೂಢಕ, ವಿರೂಪಾಕ್ಷ, ವೈಶ್ರವಣ ಎಂಬ ನಾಲ್ವರು ದಿಕ್ಕಿನ ದೊರೆಗಳು ಮೊಗಸಾಲೆಯ ಗೋಡೆಯ ಚಿತ್ರಗಳಾಗಿ ನಿಂತು ಮಾಡುತ್ತಾರೆ. ಹೀಗೆ ಕಾವಲು ಗೋಡೆಗೆ ಸರಿದ ಮೇಲೆ ಮರದ ತೋಳುಗಳಲ್ಲಿ ಎಸಳು, ಬಳ್ಳಿಗಳಿಗೆ ಜಾಗ ದೊರೆಯಿತು. ಬುಡದಲ್ಲೇ ಸವೆತವೂ ಹೆಚ್ಚು. ಕರಗುವ ಹಿಮದ ತೇವ, ನಮಸ್ಕರಿಸುವ ಕೈಗಳು, ಆತು ನಿಂತ ಭುಜಗಳು ಎಲ್ಲವೂ ಸೇರಿ ಮುಖಗಳನ್ನು ಅಳಿಸಿರುತ್ತವೆ. ಮೂರ್ತಿ ಸವೆದಿದ್ದರೆ ಅದರ ನಿಲುವನ್ನೂ ಉಡುಪಿನ ಅಂಚನ್ನೂ ಮಾತ್ರ ಗುರುತಿಸಿ, ಮುಖವನ್ನು ಊಹೆಯಿಂದ ತುಂಬಬೇಡಿ.

ಎಂಟನೆಯ ಹೆಜ್ಜೆ: ಮರವನ್ನೂ ಉಳಿಯನ್ನೂ ಓದಿ

ಈ ಇಡೀ ಮಾರ್ಗದರ್ಶಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ದೇವತೆಗಳ ಹೆಸರನ್ನು ಪುಸ್ತಕದಿಂದಲೂ ತಿಳಿಯಬಹುದು, ಕೆತ್ತಿದವನ ಕೈಯನ್ನು ಬಾಗಿಲಿನ ಮುಂದೆ ನಿಂತೇ ತಿಳಿಯಬೇಕು.

ಮರ ಯಾವುದು ಎಂಬುದರಿಂದಲೇ ಕೆತ್ತನೆಯ ಸ್ವಭಾವ ನಿರ್ಧಾರವಾಗುತ್ತದೆ. ಕಿನ್ನೌರ್, ಚಂಬಾ ಕಡೆಗಳಲ್ಲಿ ದೇವದಾರು ಹೇರಳ. ಅದರ ಎಣ್ಣೆಯಂಶ ಹುಳುವನ್ನು ದೂರವಿಡುತ್ತದೆ, ಎಳೆಗಳು ನೇರವಾಗಿರುವುದರಿಂದ ಉದ್ದನೆಯ ಶಾಖೆಗಳಿಗೆ ಒಗ್ಗುತ್ತದೆ. ಆದರೆ ಒಣಗಿದ ಮೇಲೆ ಎಳೆಯ ಗುಂಟ ಸೀಳುವ ಗುಣವೂ ಇದೆ. ಮರಗಳೇ ಅಪರೂಪವಾದ ಲಡಾಖಿನಲ್ಲಿ ಕಟ್ಟಡಗಳಿಗೆ ಸಿಗುವುದು ಮುಖ್ಯವಾಗಿ ಪಾಪ್ಲರ್ ಮತ್ತು ವಿಲೋ. ಇವು ಮೃದು, ಉಳಿ ಮೊಂಡಾದರೆ ಎಳೆಗಳು ಸಿಬಿರೇಳುತ್ತವೆ. ನೇವಾರರು ಬಳಸುವ ಸಾಲ ಮರ ತೂಕದ್ದು, ಗಡುಸಾದದ್ದು. ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಗೀರೂ ಶತಮಾನಗಳ ಕಾಲ ಚೂಪಾಗಿ ನಿಲ್ಲುತ್ತದೆ. ಭೂತಾನಿನಲ್ಲಿ ನೀಲಿ ಪೈನ್ ಮತ್ತು ಸೈಪ್ರೆಸ್ ಬಳಕೆಯಲ್ಲಿವೆ. ಗುರುತಿಸಲು ಮರವನ್ನು ಕೆರೆಯುವುದಾಗಲಿ ಚೂರು ಕೀಳುವುದಾಗಲಿ ಅಕ್ಷಮ್ಯ. ಬಣ್ಣವಿಲ್ಲದ ಮುರಿದ ಅಂಚು ಎಲ್ಲಾದರೂ ಇದ್ದರೆ ಅಲ್ಲಿನ ಎಳೆಯ ಸಾಂದ್ರತೆಯನ್ನು ಕಣ್ಣಿನಿಂದ ನೋಡಿ, ಉಳಿದುದನ್ನು ಭಿಕ್ಷುಗಳನ್ನೋ ಊರಿನ ಬಡಗಿಯನ್ನೋ ಕೇಳಿ.

ಆಮೇಲೆ ಆಳವನ್ನು ಅಳೆಯಿರಿ. ಕೆತ್ತನೆಗಾರ ಮೊದಲು ರೂಪದ ಗೆರೆಯನ್ನು ಮರದ ಮೇಲೆ ಬರೆದು, ಆ ಗೆರೆಯ ಗುಂಟ ನೆಟ್ಟಗೆ ಉಳಿ ಇಳಿಸಿ, ಸುತ್ತಲಿನ ನೆಲವನ್ನು ತಗ್ಗಿಸುತ್ತಾನೆ. ಅನಂತರ ರೂಪದ ಮೈಯನ್ನು ದುಂಡಗೆ ಮಾಡುತ್ತಾನೆ. ಕೊನೆಗೆ ಅಂಚುಗಳ ಅಡಿಯಿಂದ ಮರವನ್ನು ತೆಗೆದು ನೆರಳಿಗೆ ಜಾಗ ಕೊಡುತ್ತಾನೆ. ಈ ಕೊನೆಯ ಕೆಲಸ ಎಷ್ಟಾಗಿದೆ ಎಂಬುದೇ ಪರಂಪರೆಗಳನ್ನು ಬೇರ್ಪಡಿಸುವ ಒಳ್ಳೆಯ ಅಳತೆಗೋಲು. ಕಾಶ್ಮೀರಿ ಶೈಲಿಯ ಹಳೆಯ ಕೆಲಸದಲ್ಲಿ ಮೂರ್ತಿಗಳು ಹಿನ್ನೆಲೆಯಿಂದ ಬಹುಪಾಲು ಬಿಡಿಸಿಕೊಂಡು ಹೊರಬಂದಿರುತ್ತವೆ, ಕಮಾನಿನ ಗೂಡಿನೊಳಗೆ ಕುಳಿತ ಬುದ್ಧನ ಹಿಂದೆ ಕತ್ತಲೆ ತುಂಬಿರುತ್ತದೆ. ಈಚಿನ ಟಿಬೆಟನ್ ಕೆಲಸದಲ್ಲಿ ಎಸಳುಗಳು ಆಳವಿಲ್ಲದೆ ಸಮನಾಗಿರುತ್ತವೆ, ರೂಪದ ಅರ್ಧ ಹೊಣೆಯನ್ನು ಬಣ್ಣ ಹೊತ್ತಿರುತ್ತದೆ. ಇದನ್ನು ಕೊರತೆಯೆಂದು ಕಾಣಬಾರದು. ಬಡಗಿ ಮತ್ತು ಬಣ್ಣಗಾರ ಇಬ್ಬರೂ ಸೇರಿ ಮುಗಿಸುವ ಕೆಲಸ ಎಂದು ಮೊದಲೇ ಯೋಚಿಸಿದ್ದರಿಂದ ಕೆತ್ತನೆ ಹಾಗಿದೆ.

ಒಂದೇ ಸಾಲಿನ ಹತ್ತು ಎಸಳುಗಳನ್ನು ಒಂದರ ಪಕ್ಕ ಒಂದು ಹೋಲಿಸಿ. ಕೈಕೆಲಸದಲ್ಲಿ ಅವು ಒಂದೇ ಅಳತೆಯವಾದರೂ ಒಂದೇ ಆಗಿರುವುದಿಲ್ಲ. ಎಡತೋಳು ಬಲತೋಳುಗಳನ್ನೂ ಹೋಲಿಸಿ. ಒಂದು ಬದಿಯ ಎಲೆಗಳು ಬಿಗಿಯಾಗಿಯೂ ಇನ್ನೊಂದು ಬದಿಯವು ಸಡಿಲವಾಗಿಯೂ ಇದ್ದರೆ ಇಬ್ಬರು ಕೆಲಸ ಮಾಡಿರುವ ಸಾಧ್ಯತೆ ಇದೆ, ಅಥವಾ ಒಂದು ಬದಿ ಆಮೇಲಿನ ರಿಪೇರಿ. ತಗ್ಗಿಸಿದ ನೆಲದಲ್ಲಿ ಉಳಿಯ ಬಾಯಿಯ ಅಗಲದ ಗೀರುಗಳು ಉಳಿದಿದ್ದರೆ ಅವು ಬಹಳ ಬೆಲೆಯುಳ್ಳ ಗುರುತುಗಳು. ಅವುಗಳ ಅಗಲವನ್ನು ಕಣ್ಣಳತೆಯಲ್ಲಿ ಬರೆದುಕೊಳ್ಳಿ.

ಒಂಬತ್ತನೆಯ ಹೆಜ್ಜೆ: ಜೋಡಣೆ, ಕದ, ಲೋಹ

ಹಳೆಯ ಕದಗಳಿಗೆ ಕಬ್ಬಿಣದ ಕೀಲುಪಟ್ಟಿಗಳಿಲ್ಲ. ಕದದ ಹಲಗೆಯ ಒಂದು ಅಂಚಿನಲ್ಲಿ ಮೇಲೆ ಕೆಳಗೆ ಬಿಟ್ಟ ಮರದ ಮೊಳೆಗಳು ಅಡ್ಡತೊಲೆಯ ಮತ್ತು ಹೊಸ್ತಿಲಿನ ಕುಳಿಗಳಲ್ಲಿ ತಿರುಗುತ್ತವೆ. ನಮ್ಮ ಹಳೆಯ ತೊಟ್ಟಿಮನೆಗಳ ಬಾಗಿಲುಗಳಲ್ಲಿ ಕಂಡ ವ್ಯವಸ್ಥೆಯೇ. ನೇವಾರ ಚೌಕಟ್ಟುಗಳಲ್ಲಿ ಭಾರ ಹೊರುವ ಒಳಚೌಕಟ್ಟು ಬೇರೆ, ಕೆತ್ತಿದ ಹೊರಚೌಕಟ್ಟು ಬೇರೆ. ಎರಡನ್ನೂ ಕಬ್ಬಿಣದ ಮೊಳೆಯಿಲ್ಲದೆ ಮರದ ಬೆಣೆಗಳಿಂದಲೇ ಬಿಗಿಯಲಾಗುತ್ತದೆ. ಹೀಗಾಗಿಯೇ ಕಟ್ಟಡ ಕುಸಿದರೂ ಬಾಗಿಲನ್ನು ಬಿಚ್ಚಿ ಮತ್ತೆ ಜೋಡಿಸಲು ಸಾಧ್ಯ. 2015ರ ಏಪ್ರಿಲ್ 25ರ ಭೂಕಂಪದ ನಂತರ ಪಾಟನ್ನಿನಲ್ಲಿ ಅವಶೇಷಗಳ ನಡುವಿನಿಂದ ಆರಿಸಿದ ಕೆತ್ತನೆಯ ತುಂಡುಗಳನ್ನು ಸ್ಥಳೀಯ ಶಿಲ್ಪಕಾರರು ಹೊಸ ತುಂಡುಗಳೊಂದಿಗೆ ಬೆಸೆದು ಮತ್ತೆ ನಿಲ್ಲಿಸಿದ್ದನ್ನು ನೋಡಿದರೆ ಈ ಜೋಡಣೆಯ ವಿವೇಕ ಅರ್ಥವಾಗುತ್ತದೆ.

ಹತ್ತನೆಯ ಹೆಜ್ಜೆ: ಬಣ್ಣ ಮತ್ತು ದುರಸ್ತಿಯ ಪದರಗಳು

ಬಣ್ಣ ಯಾವಾಗಲೂ ಕೆತ್ತನೆಯಷ್ಟೇ ಹಳೆಯದೆಂದು ಭಾವಿಸಬೇಡಿ. ಎಸಳುಗಳ ನಡುವಿನ ತಗ್ಗಿನಲ್ಲಿ ದಪ್ಪನಾಗಿ ಕಟ್ಟಿಕೊಂಡ ಹೊಳೆಯುವ ಬಣ್ಣ ಈಚಿನ ಎಣ್ಣೆಬಣ್ಣ. ಅಂಟಿನಲ್ಲಿ ಕಲಸಿದ ಹಳೆಯ ಖನಿಜವರ್ಣಗಳು ಮಂಕಾಗಿ, ಪುಡಿಪುಡಿಯಾಗಿ ಕಾಣುತ್ತವೆ. ದೀಪದ ಹೊಗೆಯ ಕಪ್ಪು ಮೇಲ್ಭಾಗದಲ್ಲಿ ಹೆಚ್ಚು. ಬಿಸಿಲಿಗೆ ತೆರೆದ ದೇವದಾರು ಬೂದಿಬಣ್ಣಕ್ಕೆ ತಿರುಗಿ ಎಳೆಗಳು ಏಣುಏಣಾಗಿ ಏಳುತ್ತವೆ. ಆ ಬೂದಿಬಣ್ಣದ ನಡುವೆ ಕಂದುಬಣ್ಣದ ನುಣುಪಾದ ತುಂಡು ಕಂಡರೆ ಅದು ಹೊಸದಾಗಿ ಸೇರಿಸಿದ್ದು.

ಇಷ್ಟು ಕಾಲ ಈ ಮರ ಉಳಿದದ್ದು ಒಣ ಹವೆಯ ಕೃಪೆಯಿಂದ. ಲೇಹ್‌ನಲ್ಲಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ ಮಾತ್ರ. ಬೂಷ್ಟು ಬೆಳೆಯಲು ಬೇಕಾದ ತೇವವೇ ಅಲ್ಲಿಲ್ಲ. ಆದರೆ ಮಣ್ಣಿನ ಮಾಳಿಗೆಯ ಮೇಲೆ ಅನಿರೀಕ್ಷಿತ ಮಳೆ ಬಿದ್ದಾಗ ನೀರು ಗೋಡೆಗಿಳಿಯುತ್ತದೆ, ಗೋಡೆಯಿಂದ ಬಾಗಿಲಿನ ಅಡ್ಡತೊಲೆಗೆ ಸೇರುತ್ತದೆ. 2010ರ ಆಗಸ್ಟಿನ ಮೇಘಸ್ಫೋಟ ಲಡಾಖಿನ ಮಣ್ಣಿನ ಕಟ್ಟಡಗಳು ಎಷ್ಟು ಅಸಹಾಯಕ ಎಂಬುದನ್ನು ತೋರಿಸಿಕೊಟ್ಟಿತು. ಅಡ್ಡತೊಲೆಯ ಮೇಲೆ ಕೆಸರಿನ ಇಳಿಗೆರೆಗಳಿವೆಯೇ ಎಂದು ತಪ್ಪದೆ ನೋಡಿ.

ಹನ್ನೊಂದನೆಯ ಹೆಜ್ಜೆ: ಬರೆದಿಡಿ

ಒಂದು ಬಾಗಿಲಿಗೆ ಒಂದು ಹಾಳೆ ಸಾಕು. ನಡುವೆ ತೆರಪನ್ನು ಬರೆದು, ಒಂದೊಂದು ಶಾಖೆಗೂ ಒಂದೊಂದು ಗೆರೆ ಎಳೆದು, ಒಳಗಿನಿಂದ ಹೊರಕ್ಕೆ ಸಂಖ್ಯೆ ಕೊಟ್ಟು, ಪಕ್ಕದಲ್ಲಿ ಅದರ ವಿಷಯವನ್ನು ಎರಡು ಮಾತಿನಲ್ಲಿ ಬರೆಯಿರಿ. ಚಿತ್ರ ಬರೆಯಲು ಬಾರದು ಎಂದು ಹಿಂಜರಿಯಬೇಡಿ. ಒಂದು ಸುರುಳಿ ಬಳ್ಳಿಯನ್ನು ಪೆನ್ಸಿಲಿನಲ್ಲಿ ಹಿಂಬಾಲಿಸಿದಾಗ ಕಾಣುವಷ್ಟು ವಿವರ ನೂರು ಛಾಯಾಚಿತ್ರಗಳಲ್ಲಿ ಕಾಣುವುದಿಲ್ಲ. ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆ ಬಣ್ಣದಲ್ಲಿ ಬರೆಯಿರಿ. ಕೆತ್ತನೆಯ ಮೇಲೆ ಕಾಗದವಿಟ್ಟು ಉಜ್ಜಿ ಅಚ್ಚು ತೆಗೆಯುವುದು, ಅಳತೆಪಟ್ಟಿಯನ್ನು ಮರಕ್ಕೆ ತಾಗಿಸುವುದು ಬೇಡ.

ಇಂದಿನ ಕೆತ್ತನೆಗಾರರ ಕೈಯನ್ನು ನೋಡಿ ಈ ಟಿಪ್ಪಣಿಗಳನ್ನು ಹೋಲಿಸಬಯಸುವವರಿಗೆ ಧರ್ಮಶಾಲೆಯ ಬಳಿಯ ನೋರ್ಬುಲಿಂಕಾ ಸಂಸ್ಥೆ ಮತ್ತು ಭೂತಾನದ ಥಿಂಪುವಿನ ಸಾಂಪ್ರದಾಯಿಕ ಕಲೆಗಳ ಶಾಲೆ ಸೂಕ್ತ ಸ್ಥಳಗಳು. ಭೂತಾನದಲ್ಲಿ ಹದಿಮೂರು ಪಾರಂಪರಿಕ ಕಲೆಗಳ ಪಟ್ಟಿಯಲ್ಲಿ ಮರಗೆಲಸವೂ ಕೆತ್ತನೆಯೂ ಬೇರೆಬೇರೆ ವಿದ್ಯೆಗಳಾಗಿ ನಿಂತಿವೆ, ಎಳೆಯರು ಮೊದಲ ದಿನಗಳಲ್ಲಿ ಬಳ್ಳಿಯನ್ನೂ ಮೋಡವನ್ನೂ ಬರೆಯುತ್ತಲೇ ಕಲಿಯುತ್ತಾರೆ.

ಹನ್ನೆರಡನೆಯ ಹೆಜ್ಜೆ: ಕೊಳ್ಳುವ ಮುನ್ನ, ಮತ್ತು ಹಾನಿ ಕಂಡಾಗ

ಪ್ರವಾಸಿ ಪೇಟೆಗಳಲ್ಲಿ ಹಳೆಯ ಗುಡಿಯ ಬಾಗಿಲಿನ ತುಂಡು ಎಂದು ಮಾರಲು ಬಂದರೆ ಕೊಳ್ಳಬೇಡಿ. ಅದು ಸುಳ್ಳಾದರೆ ನಿಮ್ಮ ಹಣ ಹೋಗುತ್ತದೆ, ನಿಜವಾದರೆ ಒಂದು ಗುಡಿಯ ಬಾಗಿಲು ಮುರಿದಿದೆ ಎಂದರ್ಥ. ಭಾರತದಲ್ಲಿ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ಇಂಥ ಕೆತ್ತನೆಗಳು ಪುರಾವಸ್ತುಗಳು; ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮನೆಗೊಂದು ಕೆತ್ತನೆ ಬೇಕೆನಿಸಿದರೆ ಇಂದು ಬದುಕಿ ಕೆಲಸ ಮಾಡುತ್ತಿರುವ ಕುಶಲಕರ್ಮಿಯಿಂದ ಹೊಸದನ್ನು ಮಾಡಿಸಿಕೊಳ್ಳಿ, ಅವರು ಕೇಳುವ ಸಮಯವನ್ನು ಕೊಡಿ.

ಹಳೆಯ ಬಾಗಿಲಿನಲ್ಲಿ ಹೊಸ ಬಿರುಕು, ತೇವದ ಕಲೆ, ಹುಳು ಕೊರೆದ ತಾಜಾ ಹುಡಿ ಅಥವಾ ಕಳಚಿದ ತುಂಡು ಕಂಡರೆ ಅದನ್ನು ಸರಿಪಡಿಸಲು ಹೋಗಬೇಡಿ, ಬಿದ್ದ ತುಂಡನ್ನು ಎತ್ತಿ ಬೇರೆಡೆ ಇಡಲೂ ಬೇಡಿ. ಅದು ಬಿದ್ದ ಜಾಗವೇ ಅದನ್ನು ಮತ್ತೆ ಜೋಡಿಸುವವರಿಗೆ ದಾರಿ ತೋರಿಸುತ್ತದೆ. ಗುಡಿಯ ಭಿಕ್ಷುವಿಗೆ ತೋರಿಸಿ, ರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ತ್ವ ಇಲಾಖೆಯ ಸ್ಥಳೀಯ ಸಿಬ್ಬಂದಿಗೂ ತಿಳಿಸಿ, ದಿನಾಂಕ ಹಾಕಿದ ನಿಮ್ಮ ಚಿತ್ರದ ಒಂದು ಪ್ರತಿಯನ್ನು ಅವರ ಕೈಗೆ ಕೊಡಿ. ಹೊಳಪು ಬರಲೆಂದು ಎಣ್ಣೆ ಸವರುವುದು, ವಾರ್ನಿಷ್ ಬಳಿಯುವುದು ಭಕ್ತಿಯಿಂದ ಮಾಡಿದರೂ ಹಾನಿಯೇ: ಎಣ್ಣೆಗೆ ಧೂಳು ಅಂಟಿ ಗಟ್ಟಿಯಾಗಿ ಉಳಿಯ ಗೀರುಗಳನ್ನು ಮುಚ್ಚುತ್ತದೆ, ಅದನ್ನು ತೆಗೆಯುವಾಗ ಹಳೆಯ ಬಣ್ಣವೂ ಕಳಚಿ ಬರುತ್ತದೆ. ಕಾಣಿಕೆ ಕೊಡುವ ಮನಸ್ಸಿದ್ದರೆ ಮಾಳಿಗೆಯ ಮಣ್ಣು ಮೆತ್ತುವ ಕೆಲಸಕ್ಕೆ ಎಂದು ಹೇಳಿ ಕೊಡಿ.